ಉಡಿಗಾಲದ ಭಾಗ್ಯ ಫ್ಯಾನು ಆಯ್ದುಕೊಳ್ಳುವುದು ಹೀಗೆ

ಚಾಮರಾಜನಗರದ ಬಸ್ ನಿಲ್ದಾಣದ ಪಕ್ಕ ಕೂತು ಹೂವನ್ನೂ ಮಾರುತ್ತೇನೆ, ಊರಿನ ಕಂಪ್ಯೂಟರುಗಳನ್ನೂ ರಿಪೇರಿ ಮಾಡುತ್ತೇನೆ. ಅರ್ಧ ಸುಳ್ಳು. ದೊಡ್ಡಮಲ್ಲಮ್ಮ ಅಂದರೆ ನಾನು, ನನ್ನ ಹೂವು ನಿಜ. ರಿಪೇರಿ ಮಾಡುವವಳು ನನ್ನ ಬೆನ್ನ ಹಿಂದಿನ ಮೊಬೈಲ್ ಅಂಗಡಿಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡಿರುವ ಭಾಗ್ಯ.

ಬೆಳಕು ಹರಿಯುವಾಗ ಉಡಿಗಾಲದ ಬಸ್ಸಿಳಿದು ಶಟರ್ ಎತ್ತುತ್ತಾಳೆ. ಇವತ್ತು ಅವಳಿಗಿಂತ ಮೊದಲೇ ಹರದನಹಳ್ಳಿಯ ಫೋಟೋ ಸ್ಟುಡಿಯೋ ಬಸವಪ್ರಸಾದ್ ಕಂಪ್ಯೂಟರನ್ನು ಕೂಸಿನಂತೆ ಅಪ್ಪಿಕೊಂಡು ನಿಂತಿದ್ದಾನೆ. ಹಚ್ಚಿದ ಸ್ವಲ್ಪ ಹೊತ್ತಿಗೇ ಕಾದು ಆರಿಹೋಗುತ್ತದಂತೆ. ಆ ಬಿಸಿಯಲ್ಲಿ ಒಂದು ಮದುವೆಯ ಅನ್ನ ಬೇಯಿಸಬಹುದು.

ಭಾಗ್ಯ ಮುಚ್ಚಳ ತೆಗೆದರೆ, ಪ್ರೊಸೆಸರಿಗೆ ಗಾಳಿ ಹಾಕುವ ಫ್ಯಾನಿನ ರೆಕ್ಕೆರೆಕ್ಕೆಗೂ ಮೂರು ಪಟ್ಟೆ ವಿಭೂತಿ!

"ಇದೇನ್ ಸಾ, ಫ್ಯಾನ್ಗೂ ದೀಕ್ಸೆ ಕೊಡ್ಸಿದ್ದೀರಾ?"

"ಆಯುಧ ಪೂಜೆ ಕಣಮ್ಮ. ಮುಚ್ಚಿದ್ ಡಬ್ಬಕ್ಕೆ ಪೂಜೆ ಮಾಡುದ್ರೆ ಒಳಕ್ಕೆ ಮುಟ್ಟದಾ?"

"ಚೆನ್ನಾಗೇ ಮುಟ್ಟದೆ ಬುಡಪ್ಪ," ಅಂದೆ ನಾನು. "ಅದ್ಕೇ ತಿರುಗ್ದೆ ಧ್ಯಾನಕ್ಕೆ ಕೂತದೆ."

ನೀರಲ್ಲಿ ಕಲಸಿದ ವಿಭೂತಿ ಅಚ್ಚಿನೊಳಗೆ ಇಳಿದು ಗಟ್ಟಿಯಾಗಿದೆ. ಹೊಸ ಫ್ಯಾನೇ ಗತಿ. ಅವನೇ ಗುಂಡ್ಲುಪೇಟೆಯಿಂದ ಮೊರದಷ್ಟಗಲದ, ಬಣ್ಣದ ದೀಪದ ಫ್ಯಾನೊಂದನ್ನು ತಂದಿದ್ದಾನೆ.

ಭಾಗ್ಯ ನಗುವುದಿಲ್ಲ. ಕೆಟ್ಟ ಯಂತ್ರ ಬಿಚ್ಚಿ ಬಿಚ್ಚಿಯೇ ಕೆಲಸ ಕಲಿತವಳು, ಆ ಮೇಜು ಬಿಟ್ಟರೆ ಬೇರೆ ಜಾಗವಿಲ್ಲ. ಹೋದ ವಾರ ಅವಳು ಫ್ಯಾನು ಹಾಕಿಕೊಟ್ಟ ಯಂತ್ರ ಮತ್ತೆ ಕಾದು ವಾಪಸ್ ಬಂತು. ಅಂಗಡಿಯ ಮಾಲೀಕ ಮೃತ್ಯುಂಜಯ ಹೇಳಿಬಿಟ್ಟಿದ್ದಾನೆ: "ಇನ್ನೊಂದ್ ವಾಪಸ್ ಬಂದ್ರೆ ಮೇಜು ಎತ್ಬುಡವ್ವ. ಮೊಬೈಲ್ ಕವರ್ ಇಟ್ಕತೀನಿ."

ಹೂ ಬಿಟ್ಟು ನಾನೂ ಒಳಗೆ ಇಣುಕುತ್ತೇನೆ. ಭಾಗ್ಯ ಹಳೆಯ ಫ್ಯಾನಿನ ತಿರುಪಿನ ತೂತಿನಿಂದ ತೂತಿಗೆ ಸ್ಕೇಲಿಡುತ್ತಾಳೆ. ದೀಪದ ಫ್ಯಾನು ಅಲ್ಲೇ ಸೋಲುತ್ತದೆ, ತಿರುಪು ಕೂರುವುದಿಲ್ಲ. ತನ್ನ ಡಬ್ಬಿಯಿಂದ ಕಪ್ಪನೆಯ ಫ್ಯಾನೊಂದನ್ನು ತೆಗೆದು ದಪ್ಪ ಅಳೆಯುತ್ತಾಳೆ.

"ಓದ್ ವಾರ ಅಗಲ ನೋಡ್ದೆ, ದಪ್ಪ ನೋಡ್ನಿಲ್ಲ ಅಜ್ಜಿ. ತೆಳ್ಳಗಿತ್ತು, ಗಾಳಿ ಸಾಲ್ನಿಲ್ಲ."

"ವೈರ್ ತುದೀಲಿ ನಾಕ್ ತೂತು ಯಾಕಮ್ಮಿ?"

"ಬಿಸಿಯಾದ್ರೆ ಜೋರಾಗ್ ತಿರುಗು, ತಣ್ಗಾದ್ರೆ ಮೆಲ್ಲಗೆ ಅಂತ ಬೋರ್ಡು ಏಳ್ತದೆ. ಇದು ಕೇಳ್ತದೆ."

"ಅಯ್ಯೋ, ನನ್ ಗಂಡ ಇದ್ದಾಗ ಈ ವೈರು ಸಿಕ್ನಿಲ್ವಲ್ಲ!"

ಈಗ ನಗುತ್ತಾಳೆ. ಕಪ್ಪು ಫ್ಯಾನು ಕೂರಿಸಿ, ಯಂತ್ರ ಹಚ್ಚಿ, ನನ್ನ ಬುಟ್ಟಿಯಿಂದ ಬಾಳೆನಾರಿನ ಎಳೆ ಕಿತ್ತು, ತಿರುಗುವ ಫ್ಯಾನಿಗೆ ಹಿಡಿಯುತ್ತಾಳೆ. ನಾರು ಪ್ರೊಸೆಸರಿನ ಬಿಸಿ ಹೀರುವ ಲೋಹದ ಪಟ್ಟಿಗಳ ಕಡೆಗೆ ಹಾರುತ್ತದೆ. "ಗಾಳಿ ಅತ್ಲಾಗೇ ಓಗ್ಬೇಕು. ತಿರುಗಾ ಮುರುಗಾ ಕೂರ್ಸುದ್ರೆ ಕಷ್ಟ."

ಮಧ್ಯಾಹ್ನ. ಮದುವೆಯ ವಿಡಿಯೋ ಒಂದನ್ನು ಕೊಟ್ಟು ಯಂತ್ರವನ್ನು ದುಡಿಸುತ್ತಿದ್ದಾಳೆ. ಊಟದ ಹೊತ್ತು ಮೀರಿದರೂ ಅದು ಆರಿಲ್ಲ, ಇವಳು ಉಂಡಿಲ್ಲ.

"ಏನಮ್ಮಿ ನಿನ್ನಾಸೆ?"

"ಈ ಮೂಲೇಗೊಂದ್ ಕಿಟಕಿ ಅಜ್ಜಿ. ಊರ್ ಕಂಪ್ಯೂಟರ್ಗೆಲ್ಲ ಗಾಳಿ ಹಾಕ್ತೀನಿ, ನಂಗೇ ಗಾಳಿಯಿಲ್ಲ."

ಅಷ್ಟರಲ್ಲಿ ಮೃತ್ಯುಂಜಯ ಬರುತ್ತಾನೆ. ಕಂಕುಳಲ್ಲಿ ಮೊಬೈಲ್ ಕವರುಗಳ ದೊಡ್ಡ ಪೆಟ್ಟಿಗೆ. ಯಂತ್ರದ ಬೆನ್ನಿಗೆ ಅಂಗೈ ಹಿಡಿಯುತ್ತಾನೆ. ಒಂದು ಯುಗವೇ ಹಿಡಿದು ನಿಲ್ಲುತ್ತಾನೆ. ಮೇಜು ನೋಡುತ್ತಾನೆ, ಪೆಟ್ಟಿಗೆ ನೋಡುತ್ತಾನೆ.

ಆ ಪೆಟ್ಟಿಗೆಯನ್ನು ಎಲ್ಲಿಟ್ಟ ಅಂತ ನಾನು ಹೇಳುವುದಿಲ್ಲ. ಹೊರಗೆ ಬಂದು ಹೂವಿನ ಬುಟ್ಟಿ ಸರಿಸಿ ಕವರುಗಳಿಗೆ ಜಾಗ ಕೊಟ್ಟವಳು ಮಾತ್ರ ನಾನೇ, ಇದು ಪೂರಾ ನಿಜ. ಮಿಕ್ಕಿದ್ದು ನೀವೇ ಊಹಿಸಿ.