ಮೂರನೇ ಮಹಡಿಯ ಸ್ವಂತ ಮನೆ

ಸಂಜೆ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಪುಟ್ಟಲಕ್ಷ್ಮಿ ಬೆತ್ತದ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದು, ಎರಡನೇ ಮಹಡಿಯ ಮೆಟ್ಟಿಲನ್ನು ಹಿಮ್ಮುಖವಾಗಿ ಹತ್ತುತ್ತಿದ್ದಳು. ಕುರ್ಚಿಯಲ್ಲಿ ತಾಯಿ ಸುಂದರಾಬಾಯಿ. ಜಾರದಂತೆ ಹಳೆಯ ಸೀರೆಯಿಂದ ಸುತ್ತಿ ಕಟ್ಟಿದ್ದರು. ಕೆಳಗಿನಿಂದ ಕುರ್ಚಿಯ ಕಾಲು ಹಿಡಿದಿದ್ದವನು ಆಟೋ ಚಿಕ್ಕಸ್ವಾಮಿ, ಒಂದು ವರ್ಷದಿಂದ ಅವರನ್ನು ಆಸ್ಪತ್ರೆಗೆ ಕರೆದೊಯ್ದು ಕರೆತರುತ್ತಿದ್ದವನು.

"ಟೀಚ್ರೇ, ವಸಿ ಇಳ್ಸಿ."

ಇಳಿಸಿದರು. ಅವನ ಮುಖ ಮುದುಕಿಯ ಮುಖಕ್ಕೆ ಎದುರಾಗಿತ್ತು, ಮೊದಲು ಕಂಡದ್ದು ಅವನಿಗೇ. "ಅಮ್ಮಾವ್ರು ಓಗ್ಬುಟ್ರು ಕಣ್ರೀ" ಎಂದ, ಮೆಲ್ಲಗೆ.

ಪುಟ್ಟಲಕ್ಷ್ಮಿ ಮೂಗಿನ ಬಳಿ ಅಂಗೈ ಹಿಡಿದಳು. ಕತ್ತಿನ ಪಕ್ಕ ಬೆರಳಿಟ್ಟಳು. ಆಮೇಲೆ ಕೈಗಡಿಯಾರ ನೋಡಿದಳು. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳ ಅಭ್ಯಾಸ ಅದು. 'ಸುಮಾರು' ಎಂದು ಬರೆದ ಮಕ್ಕಳಿಗೆ ಅವಳು ಅರ್ಧ ಅಂಕ ಕಳೆಯುತ್ತಿದ್ದಳು.

2001ರ ಆಷಾಢ ಅದು. ಆಷಾಢದಲ್ಲಿ ಯಾರೂ ಹೊಸ ಮನೆ ಹೊಗುವುದಿಲ್ಲ. ಅವಳಿಗೆ ಬೇರೆ ದಾರಿ ಉಳಿದಿರಲಿಲ್ಲ. ಸೋಸಲೆಯಿಂದ ಬಂದು ನಂಜನಗೂಡಿನಲ್ಲಿ ಹದಿನಾರು ವರ್ಷ ಬಾಡಿಗೆಗಿದ್ದ ಮನೆಯ ಒಡತಿ ಚಾಮುಂಡಮ್ಮ ಯುಗಾದಿಯ ಹೊತ್ತಿಗೇ ಮಾತು ತೆಗೆದಿದ್ದಳು. "ತಪ್ಪು ತಿಳ್ಕೋಬೇಡಿ ಟೀಚರಮ್ಮ, ಶ್ರಾವಣದಲ್ಲಿ ಮಗಳ ಮದ್ವೆ. ಅಮ್ಮನಿಗೆ ಇಲ್ಲೇನಾದ್ರೂ ಆಗ್ಬಿಟ್ರೆ ನಾವು ಚಪ್ಪರ ಹಾಕೋದು ಹ್ಯಾಗೆ ಹೇಳಿ?"

ಒಳಗೆ ಮಲಗಿದ್ದ ಸುಂದರಾಬಾಯಿಗೆ ಕಿವಿ ಚುರುಕಾಗಿತ್ತು. "ಸಾಯೋಕೂ ಓನರ್ ಪರ್ಮಿಶನ್ ಬೇಕೇನೇ ಪುಟ್ಟಿ?" ಎಂದು ಕೇಳಿ ಕೆಮ್ಮುತ್ತಾ ನಕ್ಕಿದ್ದಳು. ನಗು ಮುಗಿದ ಮೇಲೆ, "ನಂದು ಅನ್ನೋ ಒಂದು ಗೋಡೆ ನೋಡು. ಅಷ್ಟು ಸಾಕು" ಎಂದಿದ್ದಳು.

ಬೇರೆ ಬಾಡಿಗೆ ಮನೆಗಳನ್ನು ಹುಡುಕಿದ್ದಾಯಿತು. ಕಾಯಿಲೆಯ ಮುದುಕಿ ಎಂದು ಕೇಳಿದ ಕೂಡಲೇ ಎಲ್ಲ ಮನೆಗಳೂ ಯಾರಿಗೋ ಕೊಟ್ಟಾಗಿರುತ್ತಿದ್ದವು. ಕೊನೆಗೆ ಸಿಕ್ಕಿದ್ದು ರೈಲ್ವೆ ಗೇಟಿನಾಚೆಯ ನಾಲ್ಕಂತಸ್ತಿನ ಕಟ್ಟಡ. ಕಾರ್ಖಾನೆಯ ಅಧಿಕಾರಿಗಳಿಗೆಂದು ಹಿಂದೆ ಕಟ್ಟಿದ್ದು. ಸುತ್ತಲಿದ್ದ ಗದ್ದೆಗಳು ಸೈಟುಗಳಾಗಿ, ಎದುರಿನ ಅಕ್ಕಿ ಗಿರಣಿ ಉರುಳಿ ಲಾಡ್ಜ್ ಎದ್ದ ಮೇಲೆ ಅಧಿಕಾರಿಗಳು ಒಬ್ಬೊಬ್ಬರಾಗಿ ಮೈಸೂರಿಗೆ ಹೊರಟಿದ್ದರು. ಲಿಫ್ಟಿಗೆಂದು ಬಿಟ್ಟ ಜಾಗದಲ್ಲಿ ಈಗ ಸ್ಕೂಟರುಗಳು ನಿಲ್ಲುತ್ತಿದ್ದವು.

ಮೂರನೇ ಮಹಡಿಯ ಮನೆ ಅವಳ ಕೈಗೆ ಎಟುಕಿದ್ದಕ್ಕೆ ಕಾರಣವಿತ್ತು. ಹಿಂದಿನವರ ಮನೆಯ ಹಿರಿಯರು ಅಲ್ಲಿ ಕೆಟ್ಟ ನಕ್ಷತ್ರದಲ್ಲಿ ತೀರಿಕೊಂಡಿದ್ದರು. ಬಾಗಿಲಿಗೆ ಮುಳ್ಳು ಹಾಕಿ ಆರು ತಿಂಗಳು ಮನೆ ಬಿಟ್ಟಿದ್ದರು. ಅವಧಿ ಮುಗಿದರೂ ಅವರು ಮರಳಲಿಲ್ಲ, ಕೊಳ್ಳುವವರೂ ಬರಲಿಲ್ಲ. ಪುಟ್ಟಲಕ್ಷ್ಮಿ ಬಂದಳು. ಪ್ರಾವಿಡೆಂಟ್ ಫಂಡು, ಎರಡು ಬಳೆ, ಸೊಸೈಟಿ ಸಾಲ ಎಲ್ಲವೂ ಆ ಗೋಡೆಗಳಿಗೆ ಹೋಯಿತು.

ಕಟ್ಟಡದ ಸಂಘದ ಕಾರ್ಯದರ್ಶಿ ಬದರೀನಾರಾಯಣರು ಪಂಚಾಂಗ ಬಲ್ಲವರು, ಒಳ್ಳೆಯವರು. ಒಂದೇ ಮಾತು ಹೇಳಿದ್ದರು. "ಅಮ್ಮನ ಸ್ಥಿತಿ ನನಗೆ ಗೊತ್ತು. ಮತ್ತೆ ಅದೇ ಮನೇಲಿ ಅಂಥ ನಕ್ಷತ್ರದಲ್ಲೇ ಏನಾದ್ರೂ ಆದ್ರೆ ಇಲ್ಲಿ ಯಾರೂ ಉಳಿಯೋಲ್ಲಮ್ಮ. ಮುಳ್ಳು ಹಾಕ್ಲೇಬೇಕಾಗುತ್ತೆ."

ಆರು ತಿಂಗಳು ಮುಳ್ಳು ಬಿದ್ದರೆ ಅವಳು ಎಲ್ಲಿಗೆ ಹೋಗಬೇಕು?

ಆ ಬೆಳಿಗ್ಗೆ ಫೋನಿನಲ್ಲೂ ಎಚ್ಚರಿಸಿದ್ದರು. "ಇವತ್ತು ರೇವತಿಯ ದೋಷ, ಸಂಜೆ ಐದೂ ಮೂವತ್ತೊಂದರವರೆಗೆ. ಆಮೇಲೆ ಅಶ್ವಿನಿ, ದೋಷವಿಲ್ಲ. ನಾಳೆ ಬನ್ನಿ." ಆದರೆ ಮಧ್ಯಾಹ್ನಕ್ಕೇ ಚಾಮುಂಡಮ್ಮನ ಸುಣ್ಣದವರು ಏಣಿ ತಂದು ನಡುಮನೆಯಲ್ಲಿ ನಿಲ್ಲಿಸಿದ್ದರು. ಸುಣ್ಣದ ಘಾಟಿಗೆ ಸುಂದರಾಬಾಯಿಯ ಉಸಿರು ಸಿಕ್ಕಿಕೊಳ್ಳತೊಡಗಿತು. ಪುಟ್ಟಲಕ್ಷ್ಮಿ ಚಿಕ್ಕಸ್ವಾಮಿಗೆ ಹೇಳಿಕಳಿಸಿದಳು.

ಈಗ ಮೆಟ್ಟಿಲ ಮೇಲೆ ನಿಂತಿದ್ದಾಗ ಪಕ್ಕದ ಬಾಗಿಲು ತೆರೆಯಿತು. ಆ ಮನೆಯ ವಿಶಾಲಮ್ಮ ಸೌಟು ಹಿಡಿದೇ ಇಣುಕಿದಳು. "ಬಂದ್ರಾ? ಹೇಗಿದಾರೆ ಅಜ್ಜಿ?"

ಚಿಕ್ಕಸ್ವಾಮಿ ತಲೆ ತಗ್ಗಿಸಿದ. ಪುಟ್ಟಲಕ್ಷ್ಮಿ ತಾಯಿಯ ಸೆರಗನ್ನು ಹಣೆಯ ಮೇಲೆ ಎಳೆದಳು.

"ಸುಸ್ತಾಗಿದಾರೆ. ನಿದ್ದೆ."

"ಪಾಪ, ನಿಧಾನ. ಕಾಫಿ ಕಳಿಸ್ಲಾ?"

"ಬೇಡ. ಚಿಕ್ಕಸ್ವಾಮಿ, ಎತ್ತಪ್ಪ."

ಅವನು ಎತ್ತಿದ. ಮೇಲಿನ ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಸುಂದರಾಬಾಯಿಯನ್ನು ಗೋಡೆಯ ಬದಿಗೆ ಚಾಪೆಯ ಮೇಲೆ ಮಲಗಿಸಿದರು. ಪುಟ್ಟಲಕ್ಷ್ಮಿ ತಾಯಿಯ ಅಂಗೈಯನ್ನು ಗೋಡೆಗೆ ತಾಗಿಸಿ ಹಿಡಿದಳು. ಕೈ ಇನ್ನೂ ಬೆಚ್ಚಗಿತ್ತು.

"ಮೊಕ ಮುಚ್ಚಾನಾ ಟೀಚ್ರೇ?"

"ಬೇಡ. ಅಮ್ಮ ಇನ್ನೂ ಇದಾರೆ."

ಚಿಕ್ಕಸ್ವಾಮಿ ಅವಳನ್ನು ನೋಡಿದ, ಗಡಿಯಾರ ನೋಡಿದ. ಅವನಿಗೆ ಅರ್ಥವಾಯಿತು. ಅಡುಗೆಮನೆಯ ಹೊಸ್ತಿಲಲ್ಲಿ ಕುಕ್ಕುರುಗಾಲಲ್ಲಿ ಕುಳಿತ. ಸ್ವಲ್ಪ ಹೊತ್ತಿನ ಮೇಲೆ, "ವಸಿ ಅತ್ಬುಡಿ. ಎದೆಗೆ ಕಟ್ಕತದೆ" ಎಂದ.

"ಅತ್ತರೆ ಕೆಳಗೆ ಕೇಳುತ್ತೆ."

ತಲೆಯ ಬಳಿ ದೀಪ ಹಚ್ಚುವಂತಿಲ್ಲ, ಬಾಯಿಗೆ ತುಳಸಿ ನೀರು ಬಿಡುವ ಹೊತ್ತೂ ಮೀರಿತ್ತು. ಹೊರಗೆ ಮೋಡ ಕವಿದು ಆಗಲೇ ಮಬ್ಬಾಗಿತ್ತು; ಎದುರಿನ ಲಾಡ್ಜಿನ ಬೋರ್ಡಿನ ಬೆಳಕು ಹತ್ತಿ ಗೋಡೆಯ ಮೇಲೆ ಕೆಂಪಾಗಿ ಬಿತ್ತು. ಐದೂ ಮೂವತ್ತೊಂದು ದಾಟಿತು. ಪುಟ್ಟಲಕ್ಷ್ಮಿ ಏಳಲಿಲ್ಲ. ಪಂಚಾಂಗದಿಂದ ಪಂಚಾಂಗಕ್ಕೆ ಕೆಲವು ನಿಮಿಷ ಹೆಚ್ಚುಕಡಿಮೆಯಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಪ್ರಯೋಗದಲ್ಲಿ ತಪ್ಪಿಗೆ ಜಾಗ ಬಿಡಿ ಎಂದು ಮಕ್ಕಳಿಗೆ ಹೇಳುತ್ತಿದ್ದವಳೇ ಅವಳು. ಕೈಯಲ್ಲಿದ್ದ ಕೈ ತಣ್ಣಗಾಗುತ್ತಾ ಬಂತು. ಅವಳು ಬಿಡಲಿಲ್ಲ.

ಆಮೇಲೆ ಎದ್ದು ದೀಪ ಹಚ್ಚಿದಳು, ಬಾಗಿಲು ತೆರೆದಳು. ತಡೆದು ಹಿಡಿದದ್ದೆಲ್ಲ ಒಮ್ಮೆಗೇ ಬಂತು. ಆ ಅಳು ಸುಳ್ಳಾಗಿರಲಿಲ್ಲ.

ವಿಶಾಲಮ್ಮ ಓಡಿಬಂದಳು. ಮೆಟ್ಟಿಲ ತುಂಬ ಜನ ಸೇರಿದರು. ಎಲ್ಲರ ಹಿಂದೆ ಬದರೀನಾರಾಯಣರು ಕನ್ನಡಕ ಸರಿಮಾಡಿಕೊಳ್ಳುತ್ತಾ ಬಂದು, ಸುಂದರಾಬಾಯಿಗೆ ಕೈಮುಗಿದರು. ಚಿಕ್ಕಸ್ವಾಮಿ ನೆಲ ನೋಡುತ್ತಿದ್ದ.

"ಕೇಳಬಾರದು, ಆದ್ರೂ ಕೇಳಬೇಕಮ್ಮ" ಎಂದರು ಅವರು. "ಎಷ್ಟು ಹೊತ್ತಿಗೆ ಹೋದದ್ದು?"

ಪುಟ್ಟಲಕ್ಷ್ಮಿ ಗಡಿಯಾರ ನೋಡಿಕೊಳ್ಳಲಿಲ್ಲ. ಗೋಡೆ ನೋಡುತ್ತಾ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಐದು ಐವತ್ತು."