ಕೊಳಕ್ಕೆ ಬಿಟ್ಟ ಎಡೆ

ನನ್ನ ತಂಗಿಯ ಮನೆಯ ಹಿತ್ತಲ ಕೊಳದಲ್ಲಿ ಒಂಬತ್ತು ಮೀನುಗಳಿದ್ದವು. ಈಗ ಎರಡಿವೆ. ಉಳಿದ ಏಳು ಅವಳ ಕೈತಪ್ಪಿನಿಂದ ಸತ್ತವೆಂದು ಮನೆಯವರೆಲ್ಲ ಮೂರು ತಿಂಗಳು ನಂಬಿದ್ದರು. ಅವಳೂ ನಂಬಿದ್ದಳು. ಸುಮ್ಮನಿದ್ದವನು ನಾನು.

ತಂಗಿ ಮತ್ತು ಅವಳ ಗಂಡ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಕಾರು ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಊರಾಚೆ, ಟ್ರಾಮ್ ಇಳಿದು ಮತ್ತೆ ಬಸ್ಸು ಹಿಡಿದು ಹೋಗುವಷ್ಟು ದೂರದಲ್ಲಿ ಅವರ ಮನೆ. ಅದರ ನೆಲಮಾಳಿಗೆಯ ಕೋಣೆಯಲ್ಲಿ ನಾನಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಹೋಟೆಲಿನ ಅಡುಗೆಮನೆಗಳಲ್ಲೇ ಬೆಳೆದೆ. ಇಲ್ಲಿಯೂ ಅದೇ, ಪೇಟೆಯ ಇಂಡಿಯನ್ ರೆಸ್ಟೋರೆಂಟಿನಲ್ಲಿ ಅಡುಗೆ. ಸೋಮವಾರ ರಜೆ. ಉಳಿದ ದಿನ ಮನೆಗೆ ಬಂದು ಬೂಟು ಬಿಚ್ಚುವುದಕ್ಕೂ ಕೂತು ಸ್ವಲ್ಪ ಸುಧಾರಿಸಿಕೊಳ್ಳಬೇಕು.

ಕೊಳ ತೋಡಿಸಿದ್ದು ತಂಗಿಯ ಮಗಳ ಆಸೆಗೆ. ಹುಡುಗಿಗೆ ಈಗ ಹತ್ತು ವರ್ಷ. ಕೊಳದ ಮಧ್ಯದಲ್ಲಿ ಒಬ್ಬ ಮನುಷ್ಯನ ಎದೆಮಟ್ಟ ಆಳ. ಮೇಲೆ ಎಷ್ಟೇ ಹೆಪ್ಪುಗಟ್ಟಿದರೂ ಅಡಿಯಲ್ಲಿ ನೀರು ನೀರಾಗಿಯೇ ಇರುತ್ತದೆ, ಮೀನುಗಳು ಅಲ್ಲಿ ಒತ್ತಾಗಿ, ಅಲುಗಾಡದೆ, ಚಳಿಗಾಲ ಕಳೆಯುತ್ತವೆ. ಕಳೆದ ಚಳಿಗಾಲ ಮೂರು ವಾರ ಅವರೆಲ್ಲ ತುಮಕೂರಿಗೆ ಹೊರಟಾಗ ತಂಗಿ ನನ್ನನ್ನು ಕೊಳದ ಹತ್ತಿರ ನಿಲ್ಲಿಸಿಕೊಂಡು ಹೇಳಿದಳು.

"ನೋಡಣ್ಣ, ಇವಕ್ಕೆ ಏನೂ ಹಾಕ್ಬೇಡ. ನೀರು ಇಷ್ಟು ತಣ್ಣಗಾದ್ಮೇಲೆ ಅವುಗಳ ಹೊಟ್ಟೆ ಕೆಲಸ ಮಾಡಲ್ಲ. ತಿಂದಿದ್ದು ಒಳಗೇ ಕೊಳೆಯುತ್ತೆ. ತಿನ್ನದೆ ಬಿಟ್ಟಿದ್ದು ನೀರಲ್ಲಿ ಕೊಳೆಯುತ್ತೆ."

"ಎಷ್ಟು ದಿನ ಉಪವಾಸ?"

"ಏಪ್ರಿಲ್‌ವರೆಗೆ."

"ಪಾಪ ಅಲ್ವೇನೇ?"

"ನಿನ್ನ ಹೋಟೆಲ್ ಬುದ್ಧಿ ಇಲ್ಲಿ ತೋರಿಸ್ಬೇಡ. ಇವು ಗಿರಾಕಿಗಳಲ್ಲ."

ಹುಡುಗಿ ನಕ್ಕಳು. "ಮಾಮಾ, ದೇ ಆರ್ ಸ್ಲೀಪಿಂಗ್. ಸುಮ್ನೆ ಬಿಡು, ಓಕೆ?"

ನೀರಿನ ಮೇಲೆ ಕರಿಯ ತಟ್ಟೆಯಂಥ ಪುಟ್ಟ ಹೀಟರ್ ತೇಲುತ್ತಿತ್ತು. ಅದರ ಸುತ್ತ ಬಕೆಟ್ಟಿನ ಬಾಯಿಯಷ್ಟು ಜಾಗ ಮಾತ್ರ ಹೆಪ್ಪುಗಟ್ಟುವುದಿಲ್ಲ. ಅಡಿಯಲ್ಲಿ ಎಲೆಗಿಲೆ ಕೊಳೆತು ಏಳುವ ವಿಷಗಾಳಿ ಆ ಬಾಯಿಂದಲೇ ಹೊರಗೆ ಹೋಗಬೇಕು. ಒಂದು ವೇಳೆ ಬಾಯಿ ಮುಚ್ಚಿದರೆ ಸುತ್ತಿಗೆಯಿಂದ ಹೊಡೆಯಬಾರದು, ಆ ಸದ್ದಿಗೇ ಮೀನು ಸಾಯಬಹುದು, ಬಿಸಿನೀರಿನ ಪಾತ್ರೆ ಇಟ್ಟು ಕರಗಿಸಬೇಕು ಎಂದಳು. ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಬಾಗಿಲಲ್ಲಿ ನಿಂತಿತ್ತು. ಅವಳು ಗ್ಲೌಸ್ ಹಾಕಿದ ಕೈಯಲ್ಲೇ ಹೀಟರಿನ ಪ್ಲಗ್ಗನ್ನು ಇನ್ನೊಮ್ಮೆ ಒತ್ತಿ, ಟೇಪು ಸುತ್ತಿ ಓಡಿದಳು. ಪ್ಲಗ್ಗು ಸರಿಯಾಗಿಯೇ ಕೂತಿತ್ತು. ನಾನು ನೋಡಿದ್ದೇನೆ.

ಅವರು ಹೋದದ್ದು ಅಮ್ಮನ ವರ್ಷದ ತಿಥಿಗೆ. ಮಾಡಬೇಕಾದವನು ಹಿರಿಮಗನಾದ ನಾನು. ಆದರೆ ನನ್ನ ವರ್ಕ್ ಪರ್ಮಿಟ್ಟಿನ ಅರ್ಜಿಗೆ ಇನ್ನೂ ಉತ್ತರ ಬಂದಿರಲಿಲ್ಲ. ಬರುವ ಮುಂಚೆ ದೇಶ ಬಿಟ್ಟರೆ ಮತ್ತೆ ಒಳಗೆ ಬರುವುದು ಕಷ್ಟ. ಊರಲ್ಲಿ ಚಿಕ್ಕಪ್ಪನ ಮಗ ನನ್ನ ಬದಲಿಗೆ ಕೂರುವುದೆಂದಾಯಿತು. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತೇನೋ.

ತಿಥಿ ಸೋಮವಾರವೇ ಬಂತು. ನಾನು ಎದ್ದು ಸ್ನಾನ ಮಾಡಿ ಅನ್ನ, ತೊವ್ವೆ, ಉದ್ದಿನ ವಡೆ, ಪಾಯಸ, ಅಮ್ಮನಿಗೆ ಇಷ್ಟವಾದ ಹಾಗಲಕಾಯಿ ಗೊಜ್ಜು ಮಾಡಿದೆ. ಥಾಯ್ ಅಂಗಡಿಯಲ್ಲಿ ತಂದಿದ್ದ ಫ್ರೀಜರಿನ ಬಾಳೆಲೆಯನ್ನು ಬಿಸಿನೀರಲ್ಲಿ ಬಿಡಿಸಿಕೊಂಡೆ. ಕಪ್ಪು ಎಳ್ಳು ಕಲಸಿ ಅನ್ನದ ಮೂರು ಉಂಡೆ ಕಟ್ಟಿದೆ. ಕೊಳದ ಅಂಚಿನ ಚಪ್ಪಡಿಯ ಮೇಲಿನ ಹಿಮ ಗುಡಿಸಿ ಎಡೆ ಇಟ್ಟೆ. ಆಮೇಲೆ ಅಡುಗೆಮನೆಯ ಕಿಟಕಿಯ ಹಿಂದೆ ನಿಂತು ಕಾಗೆಗೆ ಕಾದೆ.

ಇಲ್ಲಿ ಕಾಗೆಗಳಿವೆ. ಮೈಮೇಲೆ ಬೂದು ಬಣ್ಣದ ಸ್ವೆಟರು ಹಾಕಿದಂತಿರುತ್ತವೆ. ಒಂದು ಬಂದು ಬರ್ಚ್ ಮರದ ಮೇಲೆ ಕೂತಿತು. ಎಲೆಯನ್ನು ನೋಡಿತು, ನನ್ನನ್ನು ನೋಡಿತು, ಇಳಿಯಲಿಲ್ಲ. ಇಳಿದದ್ದು ಎಲ್ಲಿಂದಲೋ ಬಂದ ದಪ್ಪ ಕಡಲಹಕ್ಕಿ. ನಾನು ಬಾಗಿಲು ತೆರೆದು ಓಡುವಷ್ಟರಲ್ಲಿ ಎರಡು ವಡೆ ಹೊತ್ತುಕೊಂಡು ಹೋಯಿತು. ಅಮ್ಮ ಜನ್ಮದಲ್ಲಿ ಕಡಲು ನೋಡಿದವಳಲ್ಲ. ಕಡಲಹಕ್ಕಿಯಾಗಿ ಬಂದಾಳೆಂದು ನಂಬುವುದು ನನ್ನಿಂದಾಗಲಿಲ್ಲ.

ಅಷ್ಟರಲ್ಲಿ ತಂಗಿಯ ಫೋನು. "ಇಲ್ಲಿ ಎಲೆ ಇಟ್ಟ ತಕ್ಷಣ ಬಂತು ಕಣಣ್ಣ. ನಿನ್ನ ಹತ್ರ?"

"ಬಂತು" ಎಂದೆ. ಅದು ಮೊದಲನೆಯ ಸುಳ್ಳು.

ಮೂರು ಗಂಟೆಗೆ ಬೆಳಕು ಇಳಿಯತೊಡಗಿತು. ಕಾಗೆ ಮರ ಬಿಟ್ಟು ಹೋಯಿತು. ಕಾಗೆ ಮುಟ್ಟದಿದ್ದರೆ ದನಕ್ಕೆ ಹಾಕುತ್ತಾರೆ, ದನವಿಲ್ಲ. ಇನ್ನು ಉಳಿದದ್ದು ನೀರು. ಉಂಡೆಗಳನ್ನು ನೀರಿಗೆ ಬಿಡುವುದು ನಮ್ಮಲ್ಲಿ ತಪ್ಪಲ್ಲ. ತಂಗಿ ಹೇಳಿದ ಮಾತು ನೆನಪಿರಲಿಲ್ಲ ಎನ್ನಲಾರೆ. ನೆನಪಿತ್ತು. ಹೀಟರಿನ ಪಕ್ಕ ಮಂಡಿಯೂರಿ ಮೂರೂ ಉಂಡೆಗಳನ್ನು ಒಂದೊಂದಾಗಿ ಬಿಟ್ಟೆ.

ಆ ವಾರ ಸ್ವಲ್ಪ ಬೆಚ್ಚಗಿತ್ತು, ಮಳೆ ಬಂದು ಹಿಮ ಕರಗುತ್ತಿತ್ತು. ಅದಕ್ಕೇ ಇರಬೇಕು, ಅಡಿಯಿಂದ ಒಂದು ಮೀನು ಮೆಲ್ಲಗೆ, ಮುದುಕರು ಮೆಟ್ಟಿಲು ಹತ್ತುವ ಹಾಗೆ ಮೇಲೆ ಬಂತು. ಬಿಳಿಯದು, ಹಣೆಯ ಮೇಲೆ ಕೆಂಪು ಮಚ್ಚೆ. ಬಾಯಿ ತೆರೆದು ಒಂದು ಅಗುಳು ತೆಗೆದುಕೊಂಡು ಹಿಂದಿರುಗಿತು. ನಾನು ಒದ್ದೆ ನೆಲದ ಮೇಲೆ ಕೂತು ಬಹಳ ಹೊತ್ತು ಅತ್ತೆ.

ಅಷ್ಟಕ್ಕೆ ನಿಲ್ಲಿಸಿದ್ದರೆ ಮೀನುಗಳು ಬದುಕುತ್ತಿದ್ದವು ಎಂದುಕೊಳ್ಳುತ್ತೇನೆ. ನಿಲ್ಲಿಸಲಿಲ್ಲ. ಮರುದಿನ ಕೆಲಸಕ್ಕೆ ಹೊರಡುವ ಮುಂಚೆ ಒಂದು ಹಿಡಿ ಅನ್ನ, ಮೇಲೆ ಚಿಟಿಕೆ ಎಳ್ಳು. ಅದರ ಮರುದಿನವೂ. ಬಿಳಿ ಮೀನು ಕೆಲವು ದಿನ ಬಂತು, ಕೆಲವು ದಿನ ಬರಲಿಲ್ಲ. ಬಾರದ ದಿನ ಇನ್ನೊಂದು ಹಿಡಿ ಹಾಕಿ ಕಾಯುತ್ತಿದ್ದೆ. ಹೀಗೆ ಹನ್ನೊಂದು ದಿನ. ಅದು ಅಮ್ಮನಿಗೆ ಹಾಕಿದ ಅನ್ನವಾಗಿ ಉಳಿದಿರಲಿಲ್ಲ. ನನ್ನ ಮನಸ್ಸಿನ ಸಮಾಧಾನಕ್ಕೆ ಹಾಕಿದ್ದು.

ಆಮೇಲೆ ಚಳಿ ಬಿತ್ತು. ಬಸ್ ಸ್ಟಾಪಿನಲ್ಲಿ ಮೂಗಿನೊಳಗಿನ ಕೂದಲು ಹೆಪ್ಪುಗಟ್ಟುವಂಥ ಚಳಿ. ಕೊಳದ ಮೇಲೆ ದಪ್ಪ ಮಂಜುಗಡ್ಡೆ, ಅದರ ಮೇಲೆ ಮೊಣಕಾಲುದ್ದ ಹಿಮ. ಹೀಟರ್ ತನ್ನ ಬಾಯಿಯನ್ನು ತೆರೆದೇ ಇಟ್ಟಿತ್ತು. ಒಂದು ಬೆಳಿಗ್ಗೆ ಅಲ್ಲಿಂದ ಕೊಳೆತ ಮೊಟ್ಟೆಯ ವಾಸನೆ ಬಂತು. ನೀರು ಗಂಜಿಯಂತಾಗಿತ್ತು. ಬಿಳಿ ಮೀನು ಹೀಟರಿನ ಪಕ್ಕದಲ್ಲಿ ಮಗ್ಗುಲಾಗಿ ತೇಲುತ್ತಿತ್ತು. ಟಾರ್ಚು ಹಾಕಿ ನೋಡಿದರೆ ಗಡ್ಡೆಯ ಕೆಳಗೆ ಇನ್ನೂ ಕೆಂಪು ಮೀನುಗಳು, ಅವೂ ಮಗ್ಗುಲಾಗಿ.

ಅವರು ಬರಲು ಎರಡು ದಿನವಿತ್ತು. ನಾನು ಹಿಮ ಸರಿಸಿ, ತಂಗಿ ಸುತ್ತಿದ್ದ ಟೇಪಿನ ಒಂದು ಸುತ್ತು ಬಿಚ್ಚಿ, ಪ್ಲಗ್ಗನ್ನು ಅರ್ಧ ಬೆರಳಿನಷ್ಟು ಹೊರಗೆ ಎಳೆದೆ. ಮತ್ತೆ ಹಿಮ ಮುಚ್ಚಿದೆ. ಸಂಜೆಯ ಹೊತ್ತಿಗೆ ಬಾಯಿ ಮುಚ್ಚಿಕೊಂಡಿತ್ತು. ಅಂದು ರಾತ್ರಿ ಹೊಟ್ಟೆತುಂಬ ಉಂಡೆ. ಅದನ್ನೂ ಹೇಳಬೇಕು.

ತಂಗಿ ಬಂದವಳು ಬ್ಯಾಗು ಇಳಿಸುವ ಮುಂಚೆಯೇ ಹಿತ್ತಲಿಗೆ ಹೋದಳು. "ಯಾವಾಗ ಮುಚ್ಚಿತೋ. ನಾನು ಕೆಲಸದ ಗಡಿಬಿಡಿಯಲ್ಲಿ ಗಮನಿಸಲಿಲ್ಲ" ಎಂದೆ. ಅವಳು ಕೇಬಲ್ಲಿನ ಹಾದಿ ಹಿಡಿದು ಪ್ಲಗ್ಗಿನವರೆಗೆ ಹೋದಳು. ಅದನ್ನು ಕೈಯಲ್ಲಿ ತಿರುಗಿಸಿ ನೋಡಿದಳು.

"ಗ್ಲೌಸ್ ತೆಗೀಬೇಕಿತ್ತು ನಾನು" ಎಂದಳು.

ಹುಡುಗಿ ಅಮ್ಮನ ಜೊತೆ ಜಗಳವಾಡಲಿಲ್ಲ. ಅಂದಿನಿಂದ ಮನೆ ಬಿಡುವಾಗಲೆಲ್ಲ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಳು: "ಅಮ್ಮಾ, ಪ್ಲಗ್ ನೋಡಿದ್ಯಾ?" ಇಸ್ತ್ರಿ ಪೆಟ್ಟಿಗೆಯದ್ದಿರಲಿ, ಕಾಫಿ ಯಂತ್ರದ್ದಿರಲಿ. ತಂಗಿ ಬೂಟು ಬಿಚ್ಚಿ ಒಳಗೆ ಹೋಗಿ ನೋಡಿ ಬರುತ್ತಿದ್ದಳು. ನನ್ನ ಅರ್ಜಿ ತುಂಬಿದ ಕೈ ಅದು, ನನಗೆ ಈ ದೇಶದಲ್ಲಿ ಜಾಗ ಮಾಡಿಕೊಟ್ಟ ಕೈ. ಮೂರು ತಿಂಗಳು ದಿನಾ ಅದನ್ನು ನೋಡುತ್ತ ನಾನು ನನ್ನ ಬೂಟಿನ ದಾರ ಕಟ್ಟಿಕೊಂಡೆ.

ಏಪ್ರಿಲಿನಲ್ಲಿ ಕೊಳದ ನೀರು ತೆಗೆದು ಕೆಸರು ಎತ್ತಿದೆವು. ಉಳಿದ ಎರಡು ಮೀನು ಟಬ್ಬಿನಲ್ಲಿದ್ದವು. ನಾನು ಕೆಸರು ತುಂಬಿಕೊಡುತ್ತಿದ್ದೆ, ತಂಗಿ ಬಲೆಯಲ್ಲಿ ಸೋಸಿ ಬಿಳಿ ಬಕೆಟ್ಟಿಗೆ ಕೊಡವುತ್ತಿದ್ದಳು. ಒಂದು ಸಲ ಕೊಡವಿದವಳು ಬಗ್ಗಿಯೇ ಉಳಿದಳು. ಬಕೆಟ್ಟಿನ ಅಡಿಯಲ್ಲಿ ಕಪ್ಪು ಕಾಳುಗಳು.

"ಇದು ಎಳ್ಳಲ್ವಾ ಅಣ್ಣ?"

ಪಕ್ಕದ ಮನೆಯವರು ಹಕ್ಕಿಗಳಿಗೆಂದು ಕಾಳಿನ ಚೀಲ ತೂಗುಹಾಕುತ್ತಾರೆ. ಅದನ್ನು ಹೇಳಬಹುದಿತ್ತು, ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸುಸ್ತಾಗಿತ್ತು. ಇನ್ನೊಂದು ಸುಳ್ಳು ಹೊತ್ತುಕೊಂಡು ತಿರುಗುವ ಶಕ್ತಿ ಇರಲಿಲ್ಲ.

"ಎಳ್ಳೇ. ಕಾಗೆ ಬರಲಿಲ್ಲ ಕಣೇ ಅವತ್ತು."

ಅವಳಿಗೆ ತಕ್ಷಣ ಗೊತ್ತಾಯಿತು. "ಪೂರ್ತಿ ಎಡೆ ಹಾಕಿದ್ಯಾ?"

"ಆಮೇಲೂ ಹಾಕಿದೆ. ಹನ್ನೊಂದು ದಿನ."

"ಹೇಳಿದ್ನಲ್ಲೋ ನಾನು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಮ್ಮನಿಗೆ ಅಂತ ಹಾಕ್ದೆ ಅಂದಿದ್ರೆ ನಾನೇನು ನಿನ್ನ ಹೊಡೀತಿದ್ನಾ?"

"ಪ್ಲಗ್ಗೂ ನಾನೇ ಎಳೆದಿದ್ದು."

ಅವಳು ಬಲೆಯನ್ನು ಬಕೆಟ್ಟಿನ ಮೇಲೆ ಅಡ್ಡ ಇಟ್ಟಳು. ಕೈ ತೊಳೆದುಕೊಂಡಳು. ಗ್ಲೌಸ್ ಇರಲಿಲ್ಲ, ನೀರು ಇನ್ನೂ ತಣ್ಣಗಿತ್ತು, ಬೆರಳುಗಳು ಕೆಂಪಾಗಿದ್ದವು. "ಅದನ್ನ ಅವಳಿಗೆ ನೀನೇ ಹೇಳು" ಎಂದು ಒಳಗೆ ಹೋದಳು.

ಹುಡುಗಿ ಶಾಲೆಯಿಂದ ಬಂದಾಗ ಬ್ಯಾಗು ಇಳಿಸುವ ಮುಂಚೆಯೇ ಹೇಳಿದೆ. ಅವಳು ಪೂರ್ತಿ ಕೇಳಿದಳು. ಸ್ವೀಡಿಷಿನಲ್ಲಿ ಏನೋ ಅಂದಳು, ನನಗೆ ತಿಳಿಯಲಿಲ್ಲ, ಮತ್ತೊಮ್ಮೆ ಹೇಳು ಎನ್ನುವ ಧೈರ್ಯ ಬರಲಿಲ್ಲ. ಟಬ್ಬಿನ ಹತ್ತಿರ ಹೋಗಿ ಎರಡು ಮೀನುಗಳನ್ನು ನೋಡುತ್ತ ನಿಂತಳು.

ಈಗ ಜೂನ್. ಹೀಟರ್ ಶೆಡ್ಡಿನ ಅಟ್ಟದ ಮೇಲಿದೆ. ತಂಗಿ ನನ್ನ ಜೊತೆ ಮಾತಾಡುತ್ತಾಳೆ, ಮೊದಲಿಗಿಂತ ಸ್ವಲ್ಪ ಕಡಿಮೆ. ಅವಳು ಮನೆ ಬಿಡುವಾಗ ಹುಡುಗಿ ಈಗ ಏನೂ ಕೇಳುವುದಿಲ್ಲ. ನಾನು ಕೆಲಸಕ್ಕೆ ಹೊರಟಾಗ ಹೊಸ್ತಿಲಿಗೆ ಬಂದು ನಿಲ್ಲುತ್ತಾಳೆ.

"ಮಾಮಾ, ಪ್ಲಗ್ ನೋಡಿದ್ಯಾ?"

ನಾನು ಬೂಟು ಬಿಚ್ಚಿ ಒಳಗೆ ಹೋಗುತ್ತೇನೆ. ಮೂರು ಕೋಣೆ ಸುತ್ತಿ ಎಲ್ಲ ಪ್ಲಗ್ಗು ಮುಟ್ಟಿ ನೋಡಿ ಬರುತ್ತೇನೆ. ಕೆಲವು ದಿನ ಬಸ್ಸು ತಪ್ಪುತ್ತದೆ.