ಗೋಡೆಗೆ ಆನಿಸಿದ ಕಾಲು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಗ್ಗದ ಕೋಣೆ ದೊಡ್ಡದು, ಅಡುಗೆಮನೆ ಚಿಕ್ಕದು. ಮದುವೆಯಾಗಿ ಬಂದಾಗಿನಿಂದ ನಾನು ದೊಡ್ಡದರಲ್ಲೇ ಇದ್ದೇನೆ. ಎರಡು ಪವರ್‌ಲೂಮ್‌ಗಳ ನಡುವೆ ನಿಂತು, ಕಡಿದ ಎಳೆಗೆ ಗಂಟು ಹಾಕುತ್ತಾ, ಲಾಳಿಯಲ್ಲಿ ನೂಲು ಮುಗಿದರೆ ಬದಲಿಸುತ್ತಾ, ಬೆಳಗಿನಿಂದ ಸಂಜೆಯವರೆಗೆ. ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವವರು ನನ್ನ ಹೆಸರು ಹೇಳುವುದಿಲ್ಲ. ನೇಯ್ದವಳು ಯಾರೆಂದು ನನಗೆ ಗೊತ್ತು, ಸಾಕು.

ಎಡಗಾಲಿನ ಮೀನಖಂಡದ ಮೇಲೆ ನೀಲಿ ನರಗಳು ಸೊಟ್ಟಸೊಟ್ಟಗೆ ಉಬ್ಬಿದಾಗ ಅತ್ತೆ ಸೀರೆ ಅಂಚಿನ ಪಟ್ಟಿಯೊಂದನ್ನು ತಂದು ಮೊಣಕಾಲ ಕೆಳಗೆ ಬಿಗಿದು ಕಟ್ಟಿದರು.

"ರಕ್ತ ಕೆಳಗಿಳಿದ್ರೆ ತಾನೇ ಊದೋದು? ತಡೀಬೇಕು."

ನಮ್ಮವರಲ್ಲಿ ಹಾಗೇ. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆ ಸಡಿಲವಾದರೆ ಬಿಗಿ ಮಾಡುತ್ತೇವೆ, ಕಾಲಿಗೂ ಅದೇ ಮದ್ದು. ನಾನೂ ನಂಬಿದೆ. ಕಾಲು ಕಂಬದಂತೆ ಊದಿತು. ಕಣಕಾಲಿನ ಹತ್ತಿರ ಹುಣ್ಣಾಗಿ ನೀರು ಸೋರತೊಡಗಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಆ ಪಟ್ಟಿಯನ್ನು ಬಿಚ್ಚಿ ಬುಟ್ಟಿಗೆಸೆದರು. "ಎದೆಯಿಂದ ರಕ್ತ ತರೋ ನಾಳದ ಗೋಡೆ ದಪ್ಪ. ಹೃದಯ ಒತ್ತಿದ ಜೋರಿಗೆ ರಕ್ತ ಇಳಿದೇ ಇಳಿಯುತ್ತೆ. ವಾಪಸ್ ಹೋಗೋ ನಾಳದ ಗೋಡೆ ತೆಳು. ನೀವು ಕಟ್ಟಿ ಹಾಕಿರೋದು ಆ ದಾರೀನ."

ಆ ವಾಪಸ್ ದಾರಿಯೊಳಗೆ ಪುಟ್ಟ ಪುಟ್ಟ ಬಾಗಿಲುಗಳಿವೆಯಂತೆ, ಮೇಲಕ್ಕೆ ಮಾತ್ರ ತೆರೆಯುವಂಥವು. ನಡೆದಾಗ ಮೀನಖಂಡ ಹಿಂಡಿ ರಕ್ತವನ್ನು ಒಂದೊಂದೇ ಬಾಗಿಲು ದಾಟಿಸುತ್ತದೆ. ನಿಂತೇ ಇದ್ದರೆ ರಕ್ತವೂ ಅಲ್ಲೇ ತುಂಬಿಕೊಂಡು, ನಾಳ ಹಿಗ್ಗಿ, ಬಾಗಿಲು ಸರಿಯಾಗಿ ಮುಚ್ಚದಂತಾಗುತ್ತದೆ. ಪಟ್ಟಿ ಸುತ್ತುವುದಾದರೆ ಅವರು ಕೊಟ್ಟದ್ದನ್ನೇ, ಪಾದದಿಂದ ಶುರು ಮಾಡಿ ಸುತ್ತಬೇಕು. ದಿನಾ ಮಧ್ಯಾಹ್ನ ಕಾಲನ್ನು ಎದೆಗಿಂತ ಎತ್ತರಕ್ಕಿಟ್ಟು ಮಲಗಬೇಕು.

ನಾನು ಬಾಯಿ ತೆರೆಯುವ ಮೊದಲೇ ಗಂಡ ಹೇಳಿದರು, "ಮಗ್ಗ ಬಿಡ್ತಾಳೆ ಬಿಡಿ ಮೇಡಂ. ನನ್ನ ತಮ್ಮ ನೋಡ್ಕೋತಾನೆ. ಇವಳು ಅಡುಗೆಮನೇಲಿರ್ಲಿ."

ಮೈಯೆಲ್ಲ ಉರಿದುಹೋಯಿತು. "ಅಡುಗೆಮನೇಲಿ ನಿಂತ್ರೆ ರಕ್ತ ತಾನಾಗೇ ಮೇಲೇರುತ್ತಾ?" ಎಂದೆ. ಮನೆ ಸೇರುವವರೆಗೂ ಗಂಡ ಬೈಕಿನ ಕನ್ನಡಿಯಲ್ಲೂ ನನ್ನ ಮುಖ ನೋಡಲಿಲ್ಲ.

ಮಗ್ಗ ಬಿಡಲಿಲ್ಲ. ಸುಮ್ಮನೆ ನಿಲ್ಲುವುದನ್ನು ಬಿಟ್ಟೆ. ಓಡಾಡಿದೆ, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿದೆ. "ಅತ್ತಿಗೆ ಕುಣೀತಾರೆ" ಎಂದು ಮೈದುನ ನಕ್ಕ. ನಗಲಿ. ನೆಲ ಡೊಂಕು ಅನ್ನದೆ ಕುಣಿಯುತ್ತಿದ್ದೆನಲ್ಲ.

ಕಷ್ಟವಾದದ್ದು ಮಲಗುವುದೇ. ಮನೆಯಲ್ಲಿ ಖಾಲಿ ಗೋಡೆ ಇದ್ದದ್ದು ಮಾವ ಕೂರುವ ಹಾಲ್‌ನಲ್ಲಿ ಮಾತ್ರ. ಅಲ್ಲೇ ಚಾಪೆ ಹಾಸಿ ಗೋಡೆಗೆ ಕಾಲು ಆನಿಸಿದೆ.

"ಮಾವನ ಎದುರು ಕಾಲು ಮೇಲೆ ಮಾಡ್ಕೊಂಡು ಮಲಗ್ತಾರೇನೇ? ಜನ ಏನಂತಾರೆ?" ಎಂದರು ಅತ್ತೆ.

"ನೋವು ಜನಕ್ಕಲ್ಲ ಅತ್ತೆ, ನನಗೆ."

ಮಾವ ಕೆಮ್ಮಿ ಎದ್ದು ಹೊರಗೆ ಹೋದರು. ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಲು ಮಾತ್ರ ಇಳಿಸಲಿಲ್ಲ. ಅಂದೂ ಇಲ್ಲ, ಮರುದಿನವೂ ಇಲ್ಲ. ಹುಣ್ಣು ನಿಧಾನವಾಗಿ ಒಣಗಿತು.

ಒಂದು ಮಧ್ಯಾಹ್ನ ಅತ್ತೆ ಪಕ್ಕದಲ್ಲಿ ಬಂದು ಕೂತು ಸೀರೆಯನ್ನು ಮೊಣಕಾಲವರೆಗೆ ಎತ್ತಿದರು. ಅದೇ ನೀಲಿ ಉಬ್ಬುಗಳು. ಅಂಥದೇ ಅಂಚಿನ ಪಟ್ಟಿ, ವರ್ಷಗಟ್ಟಲೆ ಕಟ್ಟಿ ಕಟ್ಟಿ ಚರ್ಮದಲ್ಲಿ ಕಪ್ಪು ತಗ್ಗು ಬಿದ್ದಿತ್ತು. ನನಗೆ ಅಳು ಬಂತು. ಗಂಟು ಬಿಚ್ಚಿದೆ. ಅವರು ಬೇಡ ಎನ್ನಲಿಲ್ಲ.

"ಸ್ವಲ್ಪ ಆ ಕಡೆ ಸರಿ" ಎಂದು ಚಾಪೆಯ ಮೇಲೆ ಮಲಗಿ ಗೋಡೆಗೆ ಕಾಲು ಕೊಟ್ಟರು.

ಕಾಫಿ ಹೊತ್ತಿಗೆ ಮಾವ ಬಂದು ಬಾಗಿಲಲ್ಲೇ ನಿಂತುಬಿಟ್ಟರು. ನಾನು ಅತ್ತೆಯ ಕಡೆ ನೋಡಿದೆ.

"ಡಿಕಾಕ್ಷನ್ ಇಳಿದಿದೆ" ಎಂದರು ಅತ್ತೆ, ಕಾಲು ಇಳಿಸದೆ. "ಹಾಲು ಬಿಸಿ ಮಾಡಿ ನೀವೇ ಬಗ್ಗಿಸ್ಕೊಳ್ಳಿ."